ಅಟ್ಲಾಂಟಿಡಾ ಚರ್ಚಿನ ಗೋಡೆ ಬಳುಕುವುದೇಕೆ?

ಗೋಡೆ ದಪ್ಪವಾದಷ್ಟೂ ಕಟ್ಟಡ ಗಟ್ಟಿ ಎಂಬ ನಂಬಿಕೆ ಮೇಸ್ತ್ರಿಗಳಿಗಿಂತ ಮನೆ ಕಟ್ಟಿಸುವವರಲ್ಲಿ ಹೆಚ್ಚು ಬೇರೂರಿದೆ. ಅವರು ನೋಡಬೇಕಾದ ಒಂದು ಕ್ಯಾಥೊಲಿಕ್ ಚರ್ಚು ಉರುಗ್ವೆ ದೇಶದಲ್ಲಿ, ರಾಜಧಾನಿ ಮೊಂಟೆವಿಡಿಯೊದಿಂದ ಸುಮಾರು 45 ಕಿ.ಮೀ. ದೂರದ ಎಸ್ಟಾಸಿಯೊನ್ ಅಟ್ಲಾಂಟಿಡಾ ಎಂಬ ಹಳ್ಳಿಯಲ್ಲಿದೆ. ಎಂಜಿನಿಯರ್ ಎಲಾಡಿಯೊ ಡಿಯೆಸ್ಟೆ 1958ರಿಂದ 1960ರ ಅವಧಿಯಲ್ಲಿ ಕಟ್ಟಿದ ಈ ಇಟ್ಟಿಗೆಯ ಚರ್ಚಿನ ಪಕ್ಕದ ಗೋಡೆಗಳು ಸುಮಾರು 7 ಮೀಟರ್ ಎತ್ತರವಿದ್ದರೂ ದಪ್ಪ ಸುಮಾರು 30 ಸೆಂ.ಮೀ. ಮಾತ್ರ, 16 ಮೀಟರ್ ಅಗಲದ ಸಭಾಂಗಣದ ನಡುವೆ ಚಾವಣಿಗೆ ಆಸರೆಯಾಗಿ ಒಂದು ಕಂಬವೂ ಇಲ್ಲ. ಅಲೆಅಲೆಯಾಗಿ ಬಳುಕುವ ಆ ಗೋಡೆಗಳನ್ನು ಕಲಾವಿದನ ಚಪಲವೆಂದು ಮೆಚ್ಚಿ ಮುಂದೆ ಸಾಗುವವರ ಬಗ್ಗೆ ನನಗೆ ಸ್ವಲ್ಪ ಅಸಹನೆಯಿದೆ, ಏಕೆಂದರೆ ಕಟ್ಟಡವನ್ನು ಹಿಡಿದು ನಿಲ್ಲಿಸಿರುವುದೇ ಆ ಬಳುಕು.

ಮೊದಲು ಚಾವಣಿಯನ್ನು ನೋಡೋಣ. ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿಯಲ್ಲಿ ಎಳೆತ ಮಾತ್ರ ಇರುತ್ತದೆ. ಅದೇ ಆಕಾರವನ್ನು ತಲೆಕೆಳಗಾಗಿಸಿ ಕಮಾನು ಕಟ್ಟಿದರೆ ಒತ್ತಡ ಮಾತ್ರ ಉಳಿಯುತ್ತದೆ. ಇಟ್ಟಿಗೆ ಎಳೆತಕ್ಕೆ ಬಿರುಕು ಬಿಡುತ್ತದೆ, ಒತ್ತಡವನ್ನು ಮಾತ್ರ ಧಾರಾಳವಾಗಿ ತಾಳುತ್ತದೆ. ಈ ಸೂತ್ರವನ್ನು ಕಂಡುಕೊಂಡ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಅದನ್ನು ಬಿಡಿಸಿ ಹೇಳದೆ, ಬೇರೆಯವರು ಕದಿಯದಂತೆ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚುಹಾಕಿಸಿದರು. ಉತ್ತರ ಹೊರಬಂದದ್ದು ಅವರು ತೀರಿಕೊಂಡ ಮೇಲೆ. 1748ರಲ್ಲಿ ಪೊಲೆನಿ ಎಂಬ ವಿದ್ವಾಂಸರು ರೋಮಿನ ಸಂತ ಪೇತ್ರರ ಮಹಾದೇವಾಲಯದ ಬಿರುಕುಬಿಟ್ಟ ಗುಮ್ಮಟವನ್ನು ಪರೀಕ್ಷಿಸಿದ್ದೂ ಸರಪಳಿ ಇಳಿಬಿಟ್ಟೇ.

ಆದರೆ ತೆಳುವಾದ ಕಮಾನಿಗೆ ಇನ್ನೊಂದು ಅಪಾಯವಿದೆ: ಒತ್ತಡದಲ್ಲೇ ಅದು ಪಕ್ಕಕ್ಕೆ ಬಾಗಿ ಕುಸಿಯಬಹುದು. ಇದನ್ನು ತಡೆಯಲು ಡಿಯೆಸ್ಟೆ ಚಾವಣಿಯನ್ನು ಉದ್ದಕ್ಕೂ ಏರಿಳಿಯುವ ಅಲೆಗಳಾಗಿಸಿದರು. ಮಟ್ಟಸವಾದ ತಗಡು ಕೈಯಲ್ಲೇ ಬಾಗುತ್ತದೆ, ಅದೇ ದಪ್ಪದ ಅಲೆಯಾಕಾರದ ತಗಡು ದನದ ಕೊಟ್ಟಿಗೆಯ ಮೇಲೆ ಮಳೆಗಾಳಿಗೆ ಜಗ್ಗದೆ ಕೂರುತ್ತದೆ.

ಕಮಾನು ತನ್ನ ಬುಡವನ್ನು ಹೊರಕ್ಕೆ ತಳ್ಳುತ್ತದೆ. ಮಧ್ಯಯುಗದ ಯುರೋಪಿನ ಗಾಥಿಕ್ ಶೈಲಿಯ ಚರ್ಚುಗಳು ಇದಕ್ಕಾಗಿ ಹೊರಗೆ ಕಲ್ಲಿನ ಆಸರೆಗಳನ್ನು ನಿಲ್ಲಿಸಿದವು. ಇಲ್ಲಿ ಚಾವಣಿಯ ತಗ್ಗುಗಳಲ್ಲಿ ಹುದುಗಿರುವ ಉಕ್ಕಿನ ಸರಳುಗಳು ಆ ನೂಕನ್ನು ಎಳೆದು ಹಿಡಿಯುತ್ತವೆ. ಗೋಡೆಯನ್ನು ಬಾಗಿಸುವ ಉಳಿದ ಬಲ ಚಾವಣಿಯೂ ಗೋಡೆಯೂ ಕೂಡುವ ಕಡೆ ಅತಿ ಹೆಚ್ಚು, ನೆಲದ ಬಳಿ ಅತಿ ಕಡಿಮೆ. ಆದ್ದರಿಂದ ಗೋಡೆ ನೆಲದಲ್ಲಿ ನೇರ ಗೆರೆಯಾಗಿ ಹೊರಟು, ಏರಿದಂತೆಲ್ಲ ಒಳಕ್ಕೂ ಹೊರಕ್ಕೂ ಉಬ್ಬುತ್ತಾ ಸೂರಿನಲ್ಲಿ ಪೂರ್ಣ ಅಲೆಯಾಗುತ್ತದೆ. ಬಲ ಬೇಕಾದಲ್ಲಿ ಇಟ್ಟಿಗೆ ಹೆಚ್ಚಿಲ್ಲ, ಅಲೆಯ ಆಳ ಹೆಚ್ಚಿದೆ. ಕಣ್ಣಿಗೆ ಇಷ್ಟು ಬಾಗಿ ಕಂಡರೂ ಈ ಮೈ ಪೂರ್ತಿ ನೇರ ಗೆರೆಗಳಿಂದಲೇ ಆದದ್ದು. ನೆಲದ ಗೆರೆಯಿಂದ ಮೇಲಿನ ಅಲೆಗೆ ತಂತಿ ಬಿಗಿದರೆ ಗಾರೆಯವರು ಅದರ ಗುಂಟ ಇಟ್ಟಿಗೆ ಇಡಬಹುದು.

ಪೂಜೆಯನ್ನು ಭಕ್ತರಿಗೆ ಹತ್ತಿರವಾಗಿಸಿದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಸಭೆಯಾದ ಎರಡನೇ ವ್ಯಾಟಿಕನ್ ಮಹಾಸಭೆ 1962ರಲ್ಲಿ ಆರಂಭವಾಗುವ ಮೊದಲೇ ಇಲ್ಲಿ ಬಲಿಪೀಠವೂ ಭಕ್ತರೂ ಒಂದೇ ಸಭಾಂಗಣದಲ್ಲಿದ್ದರು. ಯುನೆಸ್ಕೊ 2021ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡಿಯೆಸ್ಟೆಗೆ ಈ ಕಮಾನು ಪೂಜಾಸ್ಥಳಕ್ಕೆ ಮಾತ್ರ ಮೀಸಲಾಗಿರಲಿಲ್ಲ: ಮುಂದೆ ಮೊಂಟೆವಿಡಿಯೊ ಬಂದರಿನ ಗೋದಾಮೊಂದಕ್ಕೂ ಅವರು ಇದೇ ಬಗೆಯ ಇಟ್ಟಿಗೆಯ ಅಲೆಗಳನ್ನು, ಸುಮಾರು 50 ಮೀಟರ್ ಅಗಲಕ್ಕೆ, ಹೊದಿಸಿದರು.