ಡೂಮ್ ಮೆಟಲ್ ಯಾಕೆ ಅಷ್ಟು ಕತ್ತಲು ಕತ್ತಲು ಅನ್ಸತ್ತೆ?

ಡೂಮ್ ಮೆಟಲ್ ಅಂದ್ರೆ ಹೆವಿ ಮೆಟಲ್ ಸಂಗೀತದಲ್ಲೇ ತುಂಬಾ ನಿಧಾನದ, ತಗ್ಗು ಸದ್ದಿನ ಒಂದು ಬಗೆ. ಇದರ ರೆಕಾರ್ಡ್ ಅಂದ್ರೆ ಹೊರಗಿನವರಿಗೆ ಮೊದಲು ಕಾಣೋದು ಕವರ್ರು. ಬುರುಡೆ, ಪಾಳು ಬಿದ್ದ ಚರ್ಚು, ಮಂಜು ಕವಿದ ಕಾಡು, ಓದಕ್ಕೇ ಆಗದ ಥರ ಬರೆದ ಬ್ಯಾಂಡ್ ಹೆಸರು. ಹಾಗಾಗಿ ಇದರ ಕತ್ತಲೆಲ್ಲ ಅಲ್ಲಿಂದ್ಲೇ ಬರತ್ತೆ, ಸಾವು ಮಾಟ ಸೈತಾನ ಅಂತೆಲ್ಲ ಹಾಡ್ತಾರಲ್ಲ ಅದಕ್ಕೇ ಮೈ ಜುಂ ಅನ್ನತ್ತೆ ಅಂತ ಅಂದ್ಕೊಂಡುಬಿಡ್ತಾರೆ. ಆದ್ರೆ ಎಷ್ಟೋ ರೆಕಾರ್ಡ್‌ಗಳಲ್ಲಿ ಏನು ಹಾಡ್ತಿದಾರೆ ಅನ್ನೋದೇ ಗೊತ್ತಾಗಲ್ಲ, ಕೆಲವದ್ರಲ್ಲಿ ಹಾಡೋರೇ ಇಲ್ಲ, ಕವರ್ ನೋಡದೆ ಕತ್ತಲೆ ರೂಮಲ್ಲಿ ಕೂತು ಕೇಳಿದ್ರೂ ಅದೇ ಭಾರ ಎದೆ ಮೇಲೆ ಬಂದು ಕೂತ್ಕೊಳ್ಳತ್ತೆ. ನನಗನ್ಸೋದು, ಆ ಭಾರ ಶುದ್ಧ ಭೌತಶಾಸ್ತ್ರ. ತುಂಬಾ ದೊಡ್ಡದೇನೋ ಹತ್ರದಲ್ಲೇ ಇದೆ ಅಂತ ಕಿವಿ ಲೆಕ್ಕ ಹಾಕತ್ತೆ, ಆ ಲೆಕ್ಕ ತಪ್ಪೋ ಹಾಗೆ ಮಾಡೋದೇ ಈ ಸಂಗೀತದ ಕಸುಬು.

ಶುರುವಾಗಿದ್ದು ಮಾತ್ರ ಒಂದು ಅಪಘಾತದಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಫ್ಯಾಕ್ಟರಿಗಳ ಊರು. 1965ರಲ್ಲಿ ಟೋನಿ ಅಯೋಮಿ ಅನ್ನೋ 17 ವರ್ಷದ ಹುಡುಗ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ದ, ಅವತ್ತು ಅವನ ಕೊನೇ ದಿನ, ಮೆಷಿನ್‌ಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯ್ತು. ಅವನು ಎಡಚ, ಅಂದ್ರೆ ಗಿಟಾರ್ ತಂತಿ ಒತ್ತೋ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡ್ಕೊಂಡ, ತೆಳು ತಂತಿ ಹಾಕ್ದ, ಆಮೇಲೆ ಡೂಮ್‌ಗೆ ಬೇರಾದ ಅವನ ಬ್ಯಾಂಡ್ ಬ್ಲ್ಯಾಕ್ ಸಬತ್ 1971ರಲ್ಲಿ ತಂದ ಮೂರನೇ ಆಲ್ಬಮ್ ಹೊತ್ತಿಗೆ ಕೆಲವು ಹಾಡಿಗೆ ಗಿಟಾರ್ ಶ್ರುತೀನೇ ಮೂರು ಅರ್ಧಸ್ವರ ಕೆಳಗಿಳಿಸಿಬಿಟ್ಟ. ತಂತಿಯ ಬಿಗಿ ಅದರ ಕಂಪನದ ವರ್ಗಕ್ಕೆ ತಕ್ಕ ಹಾಗೆ ಏರಿಳಿಯತ್ತೆ, ಅಂದ್ರೆ ಕಂಪನ ಸ್ವಲ್ಪ ಇಳಿದ್ರೂ ಬಿಗಿ ಜಾಸ್ತಿ ಇಳಿಯತ್ತೆ. ಮೂರು ಅರ್ಧಸ್ವರ ಇಳಿಸಿದ್ರೆ ಕಂಪನ ಸುಮಾರು 16% ಕಮ್ಮಿ, ಬಿಗಿ ಸುಮಾರು 30% ಕಮ್ಮಿ. ನೋಯೋ ಬೆರಳಿಗೆ ಆರಾಮು. ಸದ್ದಿಗೆ ಆದ ಲಾಭವೇ ಬೇರೆ, 82 ಹರ್ಟ್ಜ್ (ಸೆಕೆಂಡಿಗೆ 82 ಕಂಪನ) ಇದ್ದ ಕೆಳಗಿನ ತಂತಿ 69ಕ್ಕೆ ಬಂತು, ಸಡಿಲ ತಂತಿ ಜೋರಾಗಿ ಮೀಟಿದಾಗ ಒಂಚೂರು ಮೇಲೆ ಹೋಗಿ ಆಮೇಲೆ ಕುಸಿದು ತನ್ನ ಜಾಗಕ್ಕೆ ಬರತ್ತೆ, ಆ ಕುಸಿತ ಇವತ್ತಿಗೂ ಡೂಮ್ ಗಿಟಾರಿನ ಗುರುತು. ಮುಂದೆ ಬಂದವರಿಗೆ ಬೆರಳು ನೋವೇನೂ ಇರ್ಲಿಲ್ಲ, ಆದ್ರೂ ಇನ್ನೂ ಕೆಳಗೆ ಕೆಳಗೆ ಇಳಿಸ್ತಾನೇ ಹೋದ್ರು, ಈಗ 55 ಹರ್ಟ್ಜ್‌ಗೆ ಇಳಿಸೋರೂ ಇದಾರೆ.

ಯಾಕೆ ಇಳಿಸ್ಬೇಕು? ಪ್ರಪಂಚದಲ್ಲಿ ದೊಡ್ಡ ವಸ್ತುಗಳು ತಗ್ಗಿನ ಸದ್ದು ಮಾಡ್ತವೆ, ಸಣ್ಣವು ಕೀಚು ಸದ್ದು. ಇದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಪ್ರಾಣಿಗಳಿಗೂ ಗೊತ್ತು, ಗೊತ್ತಿರೋದಷ್ಟೇ ಅಲ್ಲ, ಅದರಲ್ಲಿ ಮೋಸಾನೂ ಮಾಡ್ತವೆ. ಯುರೋಪಿನ ರೆಡ್ ಡೀರ್ ಗಂಡು ಜಿಂಕೆ ಗರ್ಜಿಸುವಾಗ ತನ್ನ ಧ್ವನಿಪೆಟ್ಟಿಗೇನ ಎದೆಮೂಳೆ ತನಕ ಕೆಳಗೆ ಎಳ್ಕೊಳ್ಳತ್ತೆ, ಗಂಟಲ ಕೊಳವೆ ಉದ್ದ ಆಗಿ ಸದ್ದು ತಗ್ಗತ್ತೆ, ಕೇಳೋ ಎದುರಾಳಿಗೆ ಇವನು ಇರೋದಕ್ಕಿಂತ ದೊಡ್ಡವನು ಅನ್ಸತ್ತೆ. 2001ರಲ್ಲಿ ಫಿಚ್ ಮತ್ತು ರೆಬಿ ಅನ್ನೋ ಸಂಶೋಧಕರು ಇದನ್ನ ಅಳೆದು ಬರೆದ್ರು. ಡೂಮ್ ಗಾಯಕರ ಗುರುಗುರು ದನಿ ಕೂಡ ಅದೇ ಜಾತಿಯ ಮೋಸ. ನಮ್ಮ ಸ್ವರತಂತುಗಳ ಮೇಲೆ ಇನ್ನೊಂದು ಜೋಡಿ ಮಡಿಕೆ ಇದೆ, ಮಾತಾಡುವಾಗ ಅದಕ್ಕೆ ಕೆಲಸ ಇಲ್ಲ, ಗ್ರೌಲ್ ಮಾಡುವಾಗ ಅದನ್ನೂ ನಡುಗಿಸ್ತಾರೆ, ಆಗ ಆ ಗಂಟಲಿಗೆ ಸಾಧ್ಯವೇ ಇಲ್ಲ ಅನ್ನೋವಷ್ಟು ದೊಡ್ಡ ದೇಹದ ಸದ್ದು ಹೊರಗೆ ಬರತ್ತೆ.

ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಮ್ 1970ರ ಫೆಬ್ರವರಿ 13ಕ್ಕೆ ಬಂತು, ಅದು ಶುರುವಾಗೋದು ಮಳೆ, ಗುಡುಗು, ದೂರದ ಚರ್ಚ್ ಗಂಟೆಯಿಂದ. ಆಮೇಲೆ ಆ ಪ್ರಸಿದ್ಧ ಮೂರು ಸ್ವರದ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು. ಆ ರಿಫ್ ಬಗ್ಗೆ ಒಂದು ಕಥೆ ಎಲ್ಲ ಕಡೆ ಓಡಾಡತ್ತೆ: ಅದರಲ್ಲಿರೋ ಟ್ರೈಟೋನ್ ಅಂತರವನ್ನ ಮಧ್ಯಯುಗದಲ್ಲಿ ಚರ್ಚ್ ನಿಷೇಧ ಮಾಡಿತ್ತು, ಸೈತಾನನ ಸ್ವರ ಅಂತ. ನಿಷೇಧಕ್ಕೆ ದಾಖಲೆ ಇಲ್ಲ. ಹಾಡೋಕೆ ಕಷ್ಟ, ಕಿವಿಗೆ ಒರಟು ಅಂತ ಆಗಿನವರು ತಪ್ಪಿಸ್ತಿದ್ರು ಅಷ್ಟೇ, ಸೈತಾನನ ಹೆಸರು ಅದಕ್ಕೆ ಅಂಟಿಕೊಂಡಿದ್ದು ನಂತರ. ನಮ್ಮ ಲೆಕ್ಕದಲ್ಲಿ ಅದು ಷಡ್ಜದಿಂದ ಪ್ರತಿಮಧ್ಯಮ, ಕಲ್ಯಾಣಿ ರಾಗದ ತುಂಬಾ ಇರೋದು ಅದೇ, ಕೇಳಿ ಯಾರೂ ಹೆದರಿ ಓಡಿಹೋಗಿಲ್ಲ. ಹಾಗಾಗಿ ಸ್ವರ ಒಂದೇ ಸಾಲ್ದು. ಅದನ್ನ ಅಷ್ಟು ತಗ್ಗಲ್ಲಿ, ಅಷ್ಟು ನಿಧಾನಕ್ಕೆ, ಅಷ್ಟು ಕೊಳಕು ಸದ್ದಿನ ಆಂಪ್‌ನಲ್ಲಿ (ಗಿಟಾರ್ ಸದ್ದು ದೊಡ್ಡದು ಮಾಡೋ ಪೆಟ್ಟಿಗೆಯಲ್ಲಿ) ನುಡಿಸಿದಾಗ ಆಗೋದೇ ಬೇರೆ.

ಈ ಕೊಳಕಿನ ವಿಷಯ ಸ್ವಲ್ಪ ನಿಂತು ನೋಡ್ಬೇಕು, ಯಾಕಂದ್ರೆ ನನಗೆ ಇದರಲ್ಲಿ ಅತಿ ಇಷ್ಟದ ಭಾಗ ಇದೇ. ಡಿಸ್ಟಾರ್ಷನ್ ಅಂದ್ರೆ ಆಂಪ್‌ಗೆ ತಡಕೊಳ್ಳೋಕಾಗದಷ್ಟು ಸಿಗ್ನಲ್ ಕೊಟ್ಟು ಅಲೆಯ ತಲೆ ಕತ್ತರಿಸೋದು. ಹಾಗೆ ಕತ್ತರಿಸಿದಾಗ ಗಿಟಾರಲ್ಲಿ ಇಲ್ಲದ ಹೊಸ ಕಂಪನಗಳು ಹುಟ್ತವೆ. ಎರಡು ಸ್ವರ ಒಟ್ಟಿಗೆ ಹೋದ್ರೆ ಅವುಗಳ ಮೊತ್ತ, ಅವುಗಳ ವ್ಯತ್ಯಾಸ ಎರಡೂ ಸದ್ದಾಗಿ ಹೊರಗೆ ಬರತ್ತೆ. ಈಗ ಪವರ್ ಕಾರ್ಡ್ ತಗೊಳ್ಳಿ, ಅದು ಬರೀ ಸ ಮತ್ತು ಪ. ಶ್ರುತಿ ಇಳಿಸಿದ ಗಿಟಾರಲ್ಲಿ ಸ 69.3 ಹರ್ಟ್ಜ್, ಪ ಸುಮಾರು 103.8. ಕಳೀರಿ, 34.5 ಬರತ್ತೆ, ಅದು ಹೆಚ್ಚುಕಮ್ಮಿ ಸ ಸ್ವರದ ಒಂದು ಸ್ಥಾಯಿ ಕೆಳಗಿನ ಸ! ಅಂದ್ರೆ ಯಾರೂ ಮೀಟದ, ಆ ಗಿಟಾರಲ್ಲಿ ಇರೋಕೇ ಸಾಧ್ಯ ಇಲ್ಲದ ಒಂದು ತಂತಿಯ ಸದ್ದನ್ನ ಆಂಪ್ ತಾನೇ ಹುಟ್ಟಿಸ್ತಿದೆ. ಸ್ಪೀಕರ್‌ಗೆ ಅಷ್ಟು ತಗ್ಗು ಸರಿಯಾಗಿ ಹೊರಡಿಸಕ್ಕೆ ಆಗದಿದ್ರೂ ಪರ್ವಾಗಿಲ್ಲ, ಮೇಲಿನ ಹಾರ್ಮೋನಿಕ್‌ಗಳನ್ನ (ಮೂಲಸ್ವರದ ಎರಡು, ಮೂರು ಪಟ್ಟಿನ ಕಂಪನಗಳನ್ನ) ನೋಡಿ ಮೆದುಳು ಇಲ್ಲದ ಮೂಲಸ್ವರವನ್ನ ತಾನೇ ತುಂಬ್ಕೊಳ್ಳತ್ತೆ. ಇದೇ ಜಾಗದಲ್ಲಿ ಸ ಜೊತೆ ಗಾಂಧಾರ ಹಾಕಿ ಪೂರ್ತಿ ಕಾರ್ಡ್ ನುಡಿಸಿದ್ರೆ ಅಂತರ ಬರೀ 13, 18 ಹರ್ಟ್ಜ್ ಆಗತ್ತೆ, ಅಷ್ಟು ಹತ್ತಿರದ ಎರಡು ಕಂಪನವನ್ನ ಒಳಗಿವಿ ಬೇರೆ ಮಾಡಲಾರದು, ಕಲಸಿ ಗೊರಗೊರ ಅನ್ನತ್ತೆ. ಅದಕ್ಕೇ ಡೂಮ್‌ನಲ್ಲಿ ಗಾಂಧಾರ ಕಿತ್ತಾಕ್ತಾರೆ, ಅದು ಹೋದಮೇಲೆ ಮೇಜರ್ರೂ ಇಲ್ಲ ಮೈನರ್ರೂ ಇಲ್ಲ, ಖುಷಿಯೋ ದುಃಖವೋ ಹೇಳದ ಬರೀ ಗೋಡೆ.

ಹಾಗಂತ ಗೊರಗೊರ ಪೂರ್ತಿ ಬೇಡ ಅಂತೇನಲ್ಲ. 2015ರಲ್ಲಿ ಆರ್ನಲ್ ಮತ್ತು ಜೊತೆಗಾರರು ಮನುಷ್ಯರ ಕಿರುಚಾಟ ಅಧ್ಯಯನ ಮಾಡಿದಾಗ ಕಂಡಿದ್ದು, ಸೆಕೆಂಡಿಗೆ ಸುಮಾರು 30ರಿಂದ 150 ಸಲ ಸದ್ದಿನ ಮಟ್ಟ ಏರಿಳಿಯೋ ಒರಟುತನವೇ ಕಿರುಚಾಟದ ಗುರುತು, ಅದು ನೇರ ಹೋಗಿ ಮೆದುಳಲ್ಲಿ ಭಯ ನೋಡ್ಕೊಳ್ಳೋ ಅಮಿಗ್ಡಲಾ ಭಾಗವನ್ನ ತಟ್ಟತ್ತೆ ಅಂತ. ತಗ್ಗಿನ ಗಿಟಾರ್ ಡಿಸ್ಟಾರ್ಷನ್ ಒರಟುತನದ ಒಳ್ಳೇ ಪಾಲು ಇದೇ ವ್ಯಾಪ್ತಿಯಲ್ಲಿ ಬೀಳತ್ತೆ.

ಇನ್ನು ನಿಧಾನ. ಡಿಸ್ಟಾರ್ಷನ್ ಇಲ್ಲದೆ ಈ ನಿಧಾನವೇ ಸಾಧ್ಯ ಇರ್ಲಿಲ್ಲ. ಸಾದಾ ಗಿಟಾರ್ ಮೀಟಿ ಅಷ್ಟು ಹೊತ್ತು ಬಿಟ್ರೆ ಮುಂದಿನ ಪೆಟ್ಟು ಬರೋಷ್ಟರಲ್ಲಿ ಸದ್ದು ಸತ್ತೇ ಹೋಗಿರತ್ತೆ, ಆದ್ರೆ ಅಲೆಯ ತಲೆ ಕತ್ತರಿಸಿದಾಗ ಶುರುವಿನ ಜೋರು ಮತ್ತು ಕೊನೆಯ ಬಾಲ ಎರಡೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದು ಸದ್ದು ನಿಂತೇ ಇರತ್ತೆ. ನಮ್ಮ ದೇಹಕ್ಕೆ ಸಲೀಸಾದ ಬೀಟ್ ಸುಮಾರು 600 ಮಿಲಿಸೆಕೆಂಡಿಗೊಂದು, ಅಂದ್ರೆ ನಿಮಿಷಕ್ಕೆ 100. ಎರಡು ಪೆಟ್ಟಿನ ನಡುವೆ ಸುಮಾರು 1.8 ಸೆಕೆಂಡ್ ದಾಟಿದ್ರೆ ಅವೆರಡನ್ನ ಜೋಡಿಸಿ ತಾಳ ಅಂತ ಹಿಡ್ಕೊಳ್ಳೋದು ಮನಸ್ಸಿಗೆ ಕಷ್ಟ ಅಂತ ಪಾಲ್ ಫ್ರೆಸ್ ಅನ್ನೋ ಫ್ರೆಂಚ್ ಮನಶ್ಶಾಸ್ತ್ರಜ್ಞ ತೋರಿಸಿದ್ರು. ಫಿನ್ಲೆಂಡಿನ ಥರ್ಗೋಥಾನ್, ಸ್ಕೆಪ್ಟಿಸಿಸಮ್ ಥರದ ಫ್ಯೂನರಲ್ ಡೂಮ್ (ಡೂಮ್‌ನಲ್ಲೇ ಅತಿ ನಿಧಾನದ ಬಗೆ) ಬ್ಯಾಂಡ್‌ಗಳು ತೊಂಬತ್ತರ ದಶಕದಲ್ಲಿ ಮಾಡಿದ್ದು ಆ ಗಡಿಯ ಹತ್ರ ಹೋಗಿ ನಿಲ್ಲೋ ಕೆಲಸ. ಅಲ್ಲಿ ಕಾಲು ಕುಣಿಯಲ್ಲ. ಒಂದೊಂದು ಪೆಟ್ಟೂ ಒಂದೊಂದು ಘಟನೆ, ಮುಂದಿನದು ಯಾವಾಗ ಅಂತ ಗೊತ್ತಿರತ್ತೆ ಆದ್ರೆ ಖಾತ್ರಿ ಇರಲ್ಲ, ಆನೆ ಹೆಜ್ಜೆ ಇಟ್ಟಾಗ ಇನ್ನೊಂದು ಹೆಜ್ಜೆಗೆ ಕಾಯೋ ಥರ. ದೊಡ್ಡ ದೇಹ ನಿಧಾನಕ್ಕೇ ನಡೆಯೋದು, ಕಿವಿ ಅದನ್ನೂ ಲೆಕ್ಕಕ್ಕೆ ಹಾಕ್ಕೊಳ್ಳತ್ತೆ.

ಜಾಗಾನೂ ಹಾಗೇ. ಸದ್ದು ಎಷ್ಟು ಹೊತ್ತು ಪ್ರತಿಧ್ವನಿಸತ್ತೆ ಅನ್ನೋದ್ರಿಂದ ಜಾಗ ಎಷ್ಟು ದೊಡ್ಡದು ಅಂತ ಕಣ್ಣು ಮುಚ್ಚಿದ್ರೂ ಗೊತ್ತಾಗತ್ತೆ. ಸ್ಕಾಟ್ಲೆಂಡಿನ ಇಂಚಿನ್‌ಡೌನ್‌ನಲ್ಲಿ ಯುದ್ಧಕಾಲದ ಎಣ್ಣೆ ಟ್ಯಾಂಕುಗಳು ಬೆಟ್ಟದೊಳಗಿವೆ, ಧ್ವನಿವಿಜ್ಞಾನಿ ಟ್ರೆವರ್ ಕಾಕ್ಸ್ ಅಲ್ಲಿ ಗುಂಡು ಹೊಡೆಸಿ ಅಳೆದಾಗ 125 ಹರ್ಟ್ಜ್‌ನ ಸದ್ದು ಪೂರ್ತಿ ಆರೋಕೆ 112 ಸೆಕೆಂಡ್ ಹಿಡೀತು. ಪ್ರತಿಧ್ವನಿ ಸೇರಿಸೋ ರಿವರ್ಬ್ ಪೆಡಲ್ ಒತ್ತಿದ ಗಿಟಾರಿಸ್ಟ್ ಸಣ್ಣ ರೂಮಲ್ಲಿ ಕೂತು ಅಂಥ ಗುಹೆಯ ಸುಳ್ಳು ಹೇಳ್ತಾನೆ.

ಅಂಡರ್‌ಗ್ರೌಂಡ್ ರೆಕಾರ್ಡ್‌ಗಳ ಮಬ್ಬು ಸದ್ದಿಗೂ ಇಲ್ಲೇ ಉತ್ತರ ಇದೆ ಅನ್ಸತ್ತೆ. ದೂರದ ಗುಡುಗು ಯಾಕೆ ಬರೀ ಗುಡುಗುಡು, ಹತ್ತಿರದ್ದು ಯಾಕೆ ಚಟಾರ್? ಗಾಳಿ ಮೇಲಿನ ಕಂಪನಗಳನ್ನ ಬೇಗ ನುಂಗತ್ತೆ, ತಗ್ಗಿನವು ಮಾತ್ರ ದೂರ ತಲುಪ್ತವೆ, ಗೋಡೆ ದಾಟೋದೂ ಅವೇ. ಅಗ್ಗದ ಕ್ಯಾಸೆಟ್ ಡೆಮೊದಲ್ಲಿ ಮೇಲಿನ ಕಂಪನ ಕಾಣೆಯಾಗಿ ಎಲ್ಲ ಮಂಕಾಗಿ ಕೇಳಿಸಿದಾಗ ಕಿವಿ ಅದನ್ನ ಕೆಟ್ಟ ರೆಕಾರ್ಡಿಂಗ್ ಅಂತ ಮಾತ್ರ ಓದಲ್ಲ, ದೂರ, ಗೋಡೆಯಾಚೆ, ನೆಲದಡಿ ಅಂತಾನೂ ಓದತ್ತೆ. ಅದೇ ಹಾಡನ್ನ ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ಲಕಲಕ ಅನ್ನೋ ಹಾಗೆ ಮಾಡಿದ್ರೆ ಫ್ಯಾನ್ಸ್ ಮುಖ ಕಿವುಚ್ತಾರೆ, ಬರೀ ಶೋಕಿಗಲ್ಲ ಅದು. ವಿನೈಲ್‌ಗೆ ಮಾತ್ರ ಈ ಸಂಗೀತ ಕಾಟ ಕೊಡತ್ತೆ. ಬಾಸ್ ಜಾಸ್ತಿ ಇದ್ರೆ ಗೀರು ಅಗಲವಾಗಿ ಓಲಾಡತ್ತೆ, ಜಾಗ ತಿನ್ನತ್ತೆ, ಅದಕ್ಕೇ ಕೆತ್ತುವಾಗ ಬಾಸ್ ಕುಗ್ಗಿಸಿ ಪ್ಲೇ ಮಾಡುವಾಗ ಮತ್ತೆ ಹಿಗ್ಗಿಸ್ತಾರೆ, ಆದ್ರೂ ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು ಅಷ್ಟೇ ಆರಾಮಾಗಿ ಹಿಡಿಯೋದು. ಸ್ಲೀಪ್ ಬ್ಯಾಂಡಿನ ಡೋಪ್‌ಸ್ಮೋಕರ್ ಒಂದೇ ಹಾಡು, ಒಂದು ಗಂಟೆ ದಾಟತ್ತೆ, ಎದ್ದು ಎದ್ದು ಪ್ಲೇಟ್ ತಿರುಗಿಸ್ತಾ ಕೇಳ್ಬೇಕು.

ಕೇಳೋದರ ಆಚೆಗೂ ಒಂದು ದಾರಿ ಇದೆ. ಒಳಗಿವಿಯಲ್ಲಿ ಸಮತೋಲನ ನೋಡ್ಕೊಳ್ಳೋ ಸ್ಯಾಕ್ಯೂಲ್ ಅನ್ನೋ ಪುಟ್ಟ ಅಂಗ ಜೋರಾದ ತಗ್ಗು ಸದ್ದಿಗೆ ಸ್ಪಂದಿಸತ್ತೆ, 2000ದಲ್ಲಿ ಟಾಡ್ ಮತ್ತು ಕೋಡಿ ಇದನ್ನ 90 ಡೆಸಿಬೆಲ್ ಮೇಲಿನ ಸದ್ದಲ್ಲಿ ತೋರಿಸಿದ್ರು, ಅಂದ್ರೆ ಮೈ ನಿಂತಲ್ಲೇ ತೂಗಿದ ಹಾಗೆ ಅನ್ಸೋದು ಬರೀ ಭ್ರಮೆ ಅಲ್ಲದೇ ಇರ್ಬೋದು. 2022ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿವಿಯವರು ಒಂದು ಲೈವ್ ಎಲೆಕ್ಟ್ರಾನಿಕ್ ಶೋನಲ್ಲಿ ಯಾರಿಗೂ ಕೇಳದಷ್ಟು ತಗ್ಗಿನ ಸದ್ದನ್ನ ಆಗಾಗ ಆನ್ ಆಫ್ ಮಾಡಿದ್ರು, ಆನ್ ಇದ್ದಾಗ ಜನ 11.8% ಜಾಸ್ತಿ ಕುಣಿದ್ರು, ಅವರಿಗೇ ಗೊತ್ತಿಲ್ಲದೆ. ಆದ್ರೆ ಇನ್‌ಫ್ರಾಸೌಂಡ್ (ಕಿವಿಗೆ ಕೇಳದಷ್ಟು ತಗ್ಗಿನ ಸದ್ದು) ಇದ್ರೆ ದೆವ್ವ ಕಾಣತ್ತೆ, ಹೊಟ್ಟೆ ಕೆಡತ್ತೆ ಅನ್ನೋ ಕಥೆಗಳನ್ನ ಡೂಮ್‌ಗೆ ತಂದು ಅಂಟಿಸ್ಬೇಡಿ. ಈ ಸಂಗೀತದ ದಮ್ಮು ಇರೋದು ಹೆಚ್ಚಾಗಿ 40 ಹರ್ಟ್ಜ್‌ನಿಂದ ಮೇಲೆ, ಚೆನ್ನಾಗಿ ಕೇಳಿಸೋ ಜಾಗದಲ್ಲೇ.

ಸರಿ, ಇಷ್ಟೆಲ್ಲ ಹೆದರಿಸೋ ಸಾಮಾನು ಇದ್ರೂ ಜನ ಯಾಕೆ ದುಡ್ಡು ಕೊಟ್ಟು ಕೇಳ್ತಾರೆ? ಒಂದೇ ಉತ್ತರ ಇಲ್ಲ. ದುಃಖದ ಹಾಡು ಕೇಳಿದ್ರೆ ಪ್ರೊಲ್ಯಾಕ್ಟಿನ್ ಹಾರ್ಮೋನ್ ಬಂದು ಸಮಾಧಾನ ಮಾಡತ್ತೆ ಅಂತ ಸಂಗೀತ ಸಂಶೋಧಕ ಡೇವಿಡ್ ಹ್ಯೂರನ್ 2011ರಲ್ಲಿ ಊಹೆ ಮುಂದಿಟ್ರು, ಕೇಳೋಕೆ ಚಂದ, ಆದ್ರೆ ಅದು ಊಹೆಯಾಗೇ ಉಳಿದಿದೆ. ನನಗೆ ಹೆಚ್ಚು ಒಪ್ಪೋದು 2015ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿವಿಯ ಶಾರ್ಮನ್ ಮತ್ತು ಡಿಂಗಲ್ ಮಾಡಿದ ಪ್ರಯೋಗ. 39 ಜನ ಎಕ್ಸ್‌ಟ್ರೀಮ್ ಮೆಟಲ್ ಕೇಳುಗರಿಗೆ ಮೊದಲು ಸಿಟ್ಟು ಬರಿಸಿ, ಆಮೇಲೆ ಕೆಲವರಿಗೆ ಅವರದೇ ಸಂಗೀತ, ಉಳಿದವರಿಗೆ ಮೌನ ಕೊಟ್ರು. ಸಂಗೀತ ಕೇಳಿದವರ ಸಿಟ್ಟು ಏರ್ಲಿಲ್ಲ, ಮೌನದಷ್ಟೇ ಚೆನ್ನಾಗಿ ಇಳೀತು, ಮೇಲಾಗಿ ಹುರುಪು ಬಂತು. ಚಿಕ್ಕ ಪ್ರಯೋಗ, ಸಿಟ್ಟಿನ ಬಗ್ಗೆ, ದುಃಖದ ಬಗ್ಗೆ ಅಲ್ಲ, ಆದ್ರೂ ಅದರ ದಿಕ್ಕು ಸರಿ ಇದೆ: ಒಳಗಿರೋ ಭಾರದಷ್ಟೇ ಭಾರದ ಸದ್ದು ಹೊರಗೂ ಇದ್ರೆ ಮನಸ್ಸಿಗೆ ಹಿಡಿತ ಸಿಗತ್ತೆ. ಸಿಯಾಟಲ್‌ನ ಬೆಲ್ ವಿಚ್ ಬ್ಯಾಂಡ್ ತಮ್ಮ ಹಳೇ ಡ್ರಮ್ಮರ್ ಏಡ್ರಿಯನ್ ಗೆರಾ 2016ರಲ್ಲಿ ತೀರಿಕೊಂಡ ಮೇಲೆ 83 ನಿಮಿಷದ ಒಂದೇ ಹಾಡಿನ ಆಲ್ಬಮ್ ಮಾಡಿದ್ರು, ಗಿಟಾರೇ ಇಲ್ಲ, ಹೆಚ್ಚಾಗಿ ಬಾಸ್ ಮತ್ತು ಡ್ರಮ್ಸೇ, ಮಧ್ಯದಲ್ಲಿ ಗೆರಾ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ದನಿ ಬರತ್ತೆ. ಸಂತಾಪ ಮೂರು ನಿಮಿಷದಲ್ಲಿ ಮುಗಿಯೋದಲ್ಲ ಅನ್ನೋದಕ್ಕೆ ಇದಕ್ಕಿಂತ ನೇರವಾದ ರೂಪ ಸಿಗೋದು ಕಷ್ಟ.

ಫೋನ್ ಸ್ಪೀಕರಲ್ಲಿ ಕೇಳಿ ಇದರಲ್ಲೇನಿದೆ ಅನ್ನೋರಿಗೆ ಒಂದು ಮಾತು. ಅಷ್ಟು ಪುಟ್ಟ ಸ್ಪೀಕರ್ ತಗ್ಗಿನ ಗಾಳಿಯನ್ನ ಅಲ್ಲಾಡಿಸಲಾರದು, ಸ್ವರ ಯಾವುದು ಅಂತ ಮೆದುಳು ಊಹಿಸ್ಕೊಳ್ಳತ್ತೆ ಆದ್ರೆ ಎದೆಗೆ ಏನೂ ತಲುಪಲ್ಲ. ಮೇಲಾಗಿ ಸಣ್ಣ ವಾಲ್ಯೂಮಿನಲ್ಲಿ ನಮ್ಮ ಕಿವಿ ಬಾಸ್‌ಗೆ ಅರ್ಧ ಕಿವುಡು, 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನ ಅಳೆದಿಟ್ಟಿದಾರೆ, ಸದ್ದು ಜೋರಾದ ಹಾಗೆ ಬಾಸ್ ತನ್ನ ಪಾಲು ಕೇಳ್ಕೊಂಡು ಬರತ್ತೆ. ಡೂಮ್ ಶೋಗಳು ಅಷ್ಟು ಜೋರಿರೋದಕ್ಕೆ ಇದೂ ಒಂದು ಕಾರಣ, ಆದ್ರೆ ಕೆಲಸದ ಜಾಗದ ಸುರಕ್ಷತೆ ನೋಡೋ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ ಪ್ರಕಾರ 100 ಡೆಸಿಬೆಲ್‌ನಲ್ಲಿ ದಿನಕ್ಕೆ 15 ನಿಮಿಷ ಮಾತ್ರ ಸುರಕ್ಷಿತ, ಒಂದು ಫ್ಯೂನರಲ್ ಡೂಮ್ ಹಾಡು ಮುಗಿಯೋಕೂ ಅಷ್ಟು ಸಾಲ್ದೇ ಇರ್ಬೋದು. ಫೋಮ್ ಇಯರ್‌ಪ್ಲಗ್ ಹಾಕ್ಕೊಳ್ಳಿ. ಅದು ಮೇಲಿನ ಕಂಪನವನ್ನ ಜಾಸ್ತಿ ತಡೆಯತ್ತೆ, ತಗ್ಗಿನದನ್ನ ಕಮ್ಮಿ, ಎದೆಗೂಡಿಗೆ ಬಡಿಯೋದನ್ನಂತೂ ತಡೆಯೋದೇ ಇಲ್ಲ. ಬೇರೆ ಯಾವ ಸಂಗೀತಕ್ಕೆ ಅದು ಕೆಡಕೋ ಗೊತ್ತಿಲ್ಲ, ಡೂಮ್ ಇನ್ನೂ ಗೋಡೆಯಾಚೆಯಿಂದ ಬಂದ ಹಾಗೆ ಕೇಳ್ಸತ್ತೆ.