ಜಪಾನಿನ ಅಂಗವಿಕಲರ ರಾಜಕಾರಣ: ಬೇರೆಯವರಿಗಾಗಿ ತೆರೆದ ಬಾಗಿಲುಗಳು

ಜಪಾನಿನ ‘ಫುಕುಶಿ ತೋ’, ಅಂದರೆ ಕಲ್ಯಾಣ ಪಕ್ಷ, ಹುಟ್ಟಿದ್ದಕ್ಕೆ ಸಿದ್ಧಾಂತಕ್ಕಿಂತ ಚುನಾವಣಾ ನಿಯಮವೇ ಹೆಚ್ಚು ಕಾರಣ. ಅದರ ನಾಯಕ ಯಾಶಿರೋ ಎಯ್ಟಾ ಟಿವಿ ನಿರೂಪಕರಾಗಿದ್ದವರು. 1973ರಲ್ಲಿ ವೇದಿಕೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಗಾಲಿಕುರ್ಚಿಯೇ ಅವರ ಕಾಲಾಯಿತು. ಆಗ ಮೇಲ್ಮನೆಯ ಒಂದಷ್ಟು ಸ್ಥಾನಗಳಿಗೆ ಇಡೀ ದೇಶವೇ ಒಂದು ಕ್ಷೇತ್ರ. 1977ರಲ್ಲಿ ಯಾಶಿರೋ ಅಲ್ಲಿಂದ ಪಕ್ಷೇತರರಾಗಿ ಗೆದ್ದರು. 1983ರ ಹೊತ್ತಿಗೆ ಆ ಸ್ಥಾನಗಳಿಗೆ ಪಕ್ಷಗಳ ಪಟ್ಟಿಯ ಪದ್ಧತಿ ಬಂದು, ಪಕ್ಷೇತರರಿಗೆ ಜಾಗವೇ ಇಲ್ಲವಾಯಿತು. ಉಳಿಯಬೇಕೆಂದರೆ ಪಕ್ಷ ಬೇಕಿತ್ತು.

ಹೊಸ ಪಕ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಮತ, ಒಂದು ಸ್ಥಾನ ಸಿಕ್ಕಿತು. ಮರುವರ್ಷವೇ ಯಾಶಿರೋ ಆಗ ಆಳುತ್ತಿದ್ದ ಎಲ್‌ಡಿಪಿ (ಲಿಬರಲ್ ಡೆಮಾಕ್ರಟಿಕ್ ಪಕ್ಷ) ಸೇರಿದರು. 1999ರಲ್ಲಿ ಅಂಚೆ ಮತ್ತು ದೂರಸಂಪರ್ಕ ಸಚಿವರೂ ಆದರು.

2001ರಿಂದ ಪಟ್ಟಿಯೊಳಗೂ ವೈಯಕ್ತಿಕ ಮತ ಎಣಿಸುವ ಪದ್ಧತಿ ಬಂತು. ಹೆಚ್ಚು ಹೆಸರಿದ್ದವರು ಮೇಲೆ ಬಂದರು. ಉಸಿರಾಟದ ಯಂತ್ರದೊಂದಿಗೆ ಬದುಕುವವರು ಊರೂರು ತಿರುಗಿ ಮತ ಕೇಳುವುದೆಲ್ಲಿ? ದಾರಿ ಮಾಡಿಕೊಟ್ಟಿದ್ದು ಅಚ್ಚರಿಯೆಂಬಂತೆ ಎಲ್‌ಡಿಪಿಯೇ. ಟೊಟ್ಟೊರಿ–ಶಿಮಾನೆ, ತೊಕುಶಿಮಾ–ಕೋಚಿ ಕ್ಷೇತ್ರಗಳನ್ನು ಜೋಡಿಸಿದಾಗ ಅದರ ಕೆಲವರು ಕ್ಷೇತ್ರ ಕಳೆದುಕೊಂಡಿದ್ದರು. ಅವರಿಗೆ ನೆಲೆ ಕಲ್ಪಿಸಲೆಂದು, ವೈಯಕ್ತಿಕ ಮತ ಎಷ್ಟೇ ಇರಲಿ, ಪಟ್ಟಿಯ ಮೇಲ್ತುದಿಯಲ್ಲಿ ಖಚಿತ ಸ್ಥಾನ ಕೊಡುವ ನಿಯಮ 2018ರಲ್ಲಿ ಬಂತು. ಸ್ವಾರ್ಥದ ತಿದ್ದುಪಡಿ ಎಂದು ವಿರೋಧ ಪಕ್ಷಗಳು ಜರೆದವು. ಆ ಮಾತು ಸುಳ್ಳೇನಲ್ಲ.

2019ರ ಏಪ್ರಿಲ್‌ನಲ್ಲಿ ನಟ-ರಾಜಕಾರಣಿ ಯಾಮಾಮೊಟೊ ಟಾರೊ ಕಟ್ಟಿದ ‘ರೇವಾ ಶಿನ್‌ಸೆನ್‌ಗುಮಿ’ ಅದೇ ನಿಯಮವನ್ನು ಬಳಸಿಕೊಂಡಿತು. ಅದು ಅಂಗವಿಕಲರದೇ ಪಕ್ಷವಲ್ಲ. ಬಳಕೆ ತೆರಿಗೆಯ ರದ್ದತಿ ಅದರ ದೊಡ್ಡ ಘೋಷಣೆ. ಆದರೂ ಪಟ್ಟಿಯ ಮೇಲ್ತುದಿಗೆ ಎಎಲ್‌ಎಸ್ (ಸ್ನಾಯುಗಳ ಶಕ್ತಿ ಕುಂದಿಸುತ್ತಾ ಹೋಗುವ ನರರೋಗ) ಇರುವ ಫುನಾಗೊ ಯಾಸುಹಿಕೊ, ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ) ಇರುವ ಕಿಮುರಾ ಎಯ್ಕೊ ಅವರನ್ನು ಇರಿಸಿತು. ಪಕ್ಷಕ್ಕೆ ಬಂದ ಸುಮಾರು 22.8 ಲಕ್ಷ ಮತಗಳಿಗೆ ಎರಡೇ ಸ್ಥಾನ ಸಿಕ್ಕಿ, ಅವರಿಬ್ಬರೂ ಗೆದ್ದರು. ಸ್ವಂತಕ್ಕೆ 9.9 ಲಕ್ಷ ಮತ ಪಡೆದ ಯಾಮಾಮೊಟೊ ಸೋತರು.

ಗೆದ್ದ ಮೇಲೆ ನಿಜವಾದ ತೊಡಕು ಹೊರಬಂತು. ತೀವ್ರ ಅಂಗವೈಕಲ್ಯ ಇರುವವರ ಮನೆಗೆ ಸರ್ಕಾರದ ಹಣದಲ್ಲಿ ದಿನವಿಡೀ ಸಹಾಯಕರು ಬರುತ್ತಾರೆ. ಆದರೆ ಆ ಅಂಗವಿಕಲರು ಕೆಲಸಕ್ಕೆ ಹೊರಟರೆ, ಪ್ರಯಾಣದ ಹೊತ್ತೂ ಸೇರಿ, ಆ ನೆರವು ನಿಲ್ಲುತ್ತದೆ. ದುಡಿಯುವ ಅಂಗವಿಕಲರಿಗೆ ಮೊದಲಿನಿಂದಲೂ ಗೊತ್ತಿದ್ದ ಈ ವಿಚಿತ್ರ, ಇಬ್ಬರು ಸಂಸದರು ಸಿಕ್ಕಿಹಾಕಿಕೊಂಡಾಗಷ್ಟೇ ಸುದ್ದಿಯಾಯಿತು. ಸದ್ಯಕ್ಕೆ ವೆಚ್ಚವನ್ನು ತಾನೇ ಭರಿಸುವುದಾಗಿ ಮೇಲ್ಮನೆ ಒಪ್ಪಿತು. ಸಂಸದರ ಸಂಬಳ ದೊಡ್ಡದಿದೆ, ಅವರೇ ಕೊಟ್ಟುಕೊಳ್ಳಲಿ ಎಂದವರೂ ಇದ್ದರು. ಸಂಬಳವೇ ಸಣ್ಣದಾದ ಗುಮಾಸ್ತನ ಪಾಡೇನು ಎಂಬುದಕ್ಕೆ ಆ ವಾದದಲ್ಲಿ ಉತ್ತರವಿರಲಿಲ್ಲ.

ಸದನ ಮಾತ್ರ ಬೇಗ ಬದಲಾಯಿತು. ಬಾಗಿಲ ಬಳಿಯ ಆಸನ ತೆಗೆದು ಜಾಗ ಮಾಡಲಾಯಿತು, ಯಂತ್ರಗಳಿಗೆ ವಿದ್ಯುತ್ ಸಂಪರ್ಕ ಬಂತು, ಸಹಾಯಕರಿಗೆ ಒಳಗೆ ಪ್ರವೇಶ ಸಿಕ್ಕಿತು. ಫುನಾಗೊ ಅವರ ಪ್ರಶ್ನೆಗಳನ್ನು ಕಾರ್ಯದರ್ಶಿ ಓದುತ್ತಿದ್ದರು. 2022ರಲ್ಲಿ ಇದೇ ಪಕ್ಷದಿಂದ, ಸಹಾಯಕರು ಹೇಳುತ್ತಾ ಹೋಗುವ ಅಕ್ಷರಗಳಿಗೆ ಮೈಯ ಅಲುಗಾಟದಿಂದ ಸನ್ನೆ ಕೊಟ್ಟು ಮಾತು ಕಟ್ಟುವ ಅಮಾಬಾತಾ ದೈಸುಕೆ ಆಯ್ಕೆಯಾದರು.

ಸಂಸತ್ತಿನ ಹೊರಗೆ ದುಡಿಯುವ ಅಂಗವಿಕಲರಿಗಾಗಿ ಸರ್ಕಾರ 2020ರಲ್ಲಿ ಕೆಲಸದ ವೇಳೆಯ ನೆರವಿನ ಪ್ರತ್ಯೇಕ ಯೋಜನೆಯೊಂದನ್ನು ತಂದಿತು. ಮೂಲ ನಿಯಮವನ್ನು ಅದು ಮುಟ್ಟಲಿಲ್ಲ. ಯೋಜನೆ ನಡೆಸಬೇಕೋ ಬೇಡವೋ ಎಂಬುದನ್ನು ಆಯಾ ಸ್ಥಳೀಯ ಆಡಳಿತಕ್ಕೇ ಬಿಡಲಾಗಿದೆ. ಹೀಗಾಗಿ ಕಚೇರಿಗೆ ಸಹಾಯಕ ಜೊತೆಗೆ ಬರುತ್ತಾನೋ ಇಲ್ಲವೋ ಎಂಬುದು ವಾಸವಿರುವ ಊರಿನ ಮೇಲೆ ನಿಂತಿದೆ.