ನೀಲಿ ಚುಕ್ಕೆ ಹೊಸ್ತಿಲಲ್ಲೇ ನಿಂತದ್ದು ಏಕೆ?

ಮಾಲ್‌ನ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸಿದ ಕಾರನ್ನು ಹುಡುಕುವಾಗ ಒಮ್ಮೆ ಮೊಬೈಲ್ ತೆಗೆದು ನೋಡಿ. ಊರಿನ ಗಲ್ಲಿಗಲ್ಲಿಯನ್ನೂ ತೋರಿಸಿದ ನಕ್ಷೆಯ ನೀಲಿ ಚುಕ್ಕೆ ಗೇಟಿನ ಬಳಿಯೇ ನಿಂತಿರುತ್ತದೆ, ಇಲ್ಲವೇ ಪಕ್ಕದ ರಸ್ತೆಗೆ ಜಿಗಿದಿರುತ್ತದೆ. ಕೊನೆಗೆ ಕೈಹಿಡಿಯುವುದು ಕಂಬದ ಮೇಲೆ ಬಣ್ಣದಲ್ಲಿ ಬರೆದ ಅಂಕಿ. ಕಟ್ಟಡದೊಳಗೆ ಒಂದು ಸಾಧನ ಎಲ್ಲಿದೆ ಎಂದು ಪತ್ತೆ ಹಚ್ಚುವ ಪ್ರಯತ್ನಕ್ಕೆ ಮೂರು ದಶಕ ದಾಟಿದೆ. ಈಚೆಗೆ ಯುಡಬ್ಲ್ಯುಬಿ (ಅಲ್ಟ್ರಾ ವೈಡ್‌ಬ್ಯಾಂಡ್), ವೈಫೈ ಸೆನ್ಸಿಂಗ್, ರೇಡಾರ್ ಟ್ಯಾಗ್ ಎಂದು ಹೆಸರುಗಳು ಒಂದರ ಮೇಲೊಂದು ಬಂದು ಬಿದ್ದು, ಯಾವುದು ಯಾವುದಕ್ಕೆ ಎಂಬುದೇ ಗೋಜಲಾಗಿದೆ.

ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಇಳಿದು ಬರುವಷ್ಟರಲ್ಲಿ ಬಡಕಲಾದ ಸಂಕೇತವನ್ನು ಕಾಂಕ್ರೀಟ್ ಛಾವಣಿ ತಡೆದುಬಿಡುತ್ತದೆ. ಒಳಗೆ ನುಸುಳಿದ ಚೂರುಪಾರೂ ಗೋಡೆಗೆ, ಗಾಜಿಗೆ, ಕಬ್ಬಿಣದ ಬೀರುವಿಗೆ ಬಡಿದು ಸುತ್ತುಬಳಸಿ ಬರುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದನಿ ಕೇಳುತ್ತದೆ, ಕೂಗಿದವರು ಎಲ್ಲಿದ್ದಾರೆ ಎಂಬುದು ಮಾತ್ರ ತಿಳಿಯುವುದಿಲ್ಲ. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡ್‌ನಲ್ಲಿ 30 ಸೆಂ.ಮೀ. ಸಾಗುತ್ತದೆ, ಹತ್ತು ನ್ಯಾನೊಸೆಕೆಂಡ್ ಲೆಕ್ಕ ತಪ್ಪಿದರೆ ವಸ್ತು ಪಕ್ಕದ ಕೋಣೆಗೆ ಹೋಗಿ ಕೂರುತ್ತದೆ.

1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಒಲಿವೆಟ್ಟಿ ಪ್ರಯೋಗಾಲಯದವರು ಯಾರು ಎಲ್ಲಿದ್ದಾರೆಂದು ತಿಳಿಯಲು ನೌಕರರ ಅಂಗಿಗೆ ಇನ್‌ಫ್ರಾರೆಡ್ ಬ್ಯಾಡ್ಜ್ ಸಿಕ್ಕಿಸಿದ್ದರು. ರೇಡಿಯೊ ಅಲೆಯ ಕಥೆ ಬಿರುಸಾದದ್ದು 2000ದಲ್ಲಿ. ಮೈಕ್ರೊಸಾಫ್ಟ್ ರಿಸರ್ಚ್‌ನ ಪರಮವೀರ್ ಬಹ್ಲ್ ಮತ್ತು ವೆಂಕಟ ಪದ್ಮನಾಭನ್ ಆ ವರ್ಷ ಪ್ರಕಟಿಸಿದ ವ್ಯವಸ್ಥೆಯ ಹೆಸರು ‘ರೇಡಾರ್’. ಹೆಸರು ಹಾಗಿದ್ದರೂ ಅದು ಮಾರ್ದನಿಯನ್ನು ಅಳೆಯುವ ರೇಡಾರ್ ಅಲ್ಲ. ಇಂದಿನ ಗೊಂದಲದಲ್ಲಿ ಈ ಹೆಸರಿನ ಪಾಲೂ ಇದೆ. ಒಂದು ಮಹಡಿ, ಮೂರು ನಿಸ್ತಂತು ಕೇಂದ್ರಗಳು, ಒಂದು ಲ್ಯಾಪ್‌ಟಾಪ್. ಎಪ್ಪತ್ತು ಜಾಗಗಳಲ್ಲಿ ನಿಂತು, ಪ್ರತಿ ಜಾಗದಲ್ಲೂ ನಾಲ್ಕು ದಿಕ್ಕಿಗೆ ತಿರುಗಿ ಸಂಕೇತದ ಬಲವನ್ನು ಬರೆದುಕೊಂಡರು. ತಿರುಗಬೇಕಾದದ್ದು ಏಕೆಂದರೆ ನಮ್ಮ ಮೈ ಬಹುಪಾಲು ನೀರು, 2.4 ಗಿಗಾಹರ್ಟ್ಸ್ ಅಲೆಯನ್ನು ಅದು ಹೀರಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೂ ಕೇಂದ್ರಕ್ಕೂ ನಡುವೆ ಮನುಷ್ಯ ನಿಂತರೆ ಅಂಕಿಯೇ ಬೇರೆ. ಆಮೇಲೆ ಲ್ಯಾಪ್‌ಟಾಪ್ ಎಲ್ಲೇ ಇರಲಿ, ಅದರ ಅಂಕಿ ಪಟ್ಟಿಯ ಯಾವ ಅಂಕಿಗೆ ಹತ್ತಿರವೋ ಆ ಜಾಗವೇ ಅದರ ವಿಳಾಸ. ತಪ್ಪಿದರೂ ಸಾಮಾನ್ಯವಾಗಿ ಎರಡು–ಮೂರು ಮೀಟರ್, ಅಂದರೆ ಒಂದು ಕೋಣೆಯಷ್ಟು.

ಪಟ್ಟಿ ಮಾಡುವ ಚಾಕರಿ ಯಾರದು? ಬೀರು ಸರಿಸಿದರೆ, ರೂಟರ್ ಬದಲಿಸಿದರೆ ಅಂಕಿಗಳು ಕದಲುತ್ತವೆ, ಮತ್ತೆ ಅಳೆಯಬೇಕು. ಮುಂದೆ ಪದ್ಮನಾಭನ್ ಮೈಕ್ರೊಸಾಫ್ಟ್‌ನ ಬೆಂಗಳೂರಿನ ಪ್ರಯೋಗಾಲಯಕ್ಕೆ ಬಂದರು. ಅಲ್ಲಿ 2012ರಲ್ಲಿ ಹೊರಬಂದ ‘ಝೀ’ ಈ ಚಾಕರಿಯನ್ನೇ ತಪ್ಪಿಸಲು ಹೊರಟ ಉಪಾಯ. ಜನ ತಮ್ಮ ಪಾಡಿಗೆ ತಾವು ಓಡಾಡುತ್ತಾರೆ, ಜೇಬಿನ ಫೋನು ಹೆಜ್ಜೆ ಎಣಿಸುತ್ತದೆ. ಆ ಹೆಜ್ಜೆಗಳನ್ನು ಕಟ್ಟಡದ ನಕ್ಷೆಯ ಮೇಲಿಟ್ಟು, ಗೋಡೆ ತೂರಿ ಹೋಗುವ ಹಾದಿಗಳನ್ನೆಲ್ಲ ಹೊಡೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಒಂದೇ ಹಾದಿ. ಹಾದಿ ತಿಳಿದರೆ ಅದರುದ್ದಕ್ಕೂ ದಾಖಲಾದ ವೈಫೈ ಅಂಕಿಗಳೇ ಪಟ್ಟಿ. ಆ ಮಾರ್ಗದಲ್ಲಿ ಇಷ್ಟು ಚೊಕ್ಕವಾದ ಯೋಚನೆ ಮತ್ತೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೂ ನಮ್ಮ ಬೇಸ್‌ಮೆಂಟಿನ ಚುಕ್ಕೆ ಗೇಟು ಬಿಟ್ಟು ಕದಲಲಿಲ್ಲ. ಕಟ್ಟಡದ ನಕ್ಷೆ ಕಟ್ಟಿದವರ ಬಳಿ, ರೂಟರ್ ಬಾಡಿಗೆದಾರರ ಬಳಿ, ಫೋನಿನ ಕೀಲಿಕೈ ಅದನ್ನು ತಯಾರಿಸಿದವರ ಬಳಿ. ಮೂರನ್ನೂ ಒಂದೆಡೆ ಕೂಡಿಸುವ ಲಾಭ ಯಾರಿಗೂ ಇರಲಿಲ್ಲ.

ಯುಡಬ್ಲ್ಯುಬಿ ಬೇರೆಯೇ ದಾರಿ ಹಿಡಿಯಿತು. ಸಂಕೇತದ ಬಲವನ್ನು ಬಿಟ್ಟು ಕಾಲವನ್ನು ಅಳೆಯುವುದು, ಅತಿ ಚಿಕ್ಕ ಮಿಡಿತಗಳನ್ನು ಕಳಿಸಿ ಮೊದಲು ಬಂದ ಅಲೆಯನ್ನು ಮಾತ್ರ ನಂಬುವುದು. ಅಮೆರಿಕ 2002ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು, 2019ರಲ್ಲಿ ಐಫೋನಿಗೆ ಬಂತು, 2021ರಲ್ಲಿ ಏರ್‌ಟ್ಯಾಗ್ ಎಂಬ ಪುಟ್ಟ ಪತ್ತೆಬಿಲ್ಲೆಯಾಗಿ ಕೀಗೊಂಚಲು ಸೇರಿತು.

ರೇಡಾರ್ ಟ್ಯಾಗ್ ನೆಚ್ಚಿಕೊಂಡಿರುವುದು ಪ್ರತಿಫಲಿತ ಅಲೆಯನ್ನು, ಅದರ ಬೇರು ಇನ್ನೂ ಹಳೆಯದು. 1945ರಲ್ಲಿ ಮಾಸ್ಕೋದ ಅಮೆರಿಕ ರಾಯಭಾರಿಗೆ ಉಡುಗೊರೆಯಾಗಿ ಬಂದ ಮರದ ಲಾಂಛನದೊಳಗೆ ಬ್ಯಾಟರಿಯಿಲ್ಲದ ಕದ್ದಾಲಿಕೆ ಸಾಧನವಿತ್ತು. ಹೊರಗಿನಿಂದ ಬಿಟ್ಟ ರೇಡಿಯೊ ಕಿರಣವನ್ನು ಕೋಣೆಯ ಮಾತು ಬೆರೆಸಿ ಹಿಂದಿರುಗಿಸುತ್ತಿದ್ದ ಅದು ಸಿಕ್ಕಿಬಿದ್ದದ್ದು 1952ರಲ್ಲಿ. ಇಂದು ಟೋಲ್ ಗೇಟಿನಲ್ಲಿ ನಮ್ಮ ಕಾರಿನ ಗಾಜಿಗಂಟಿದ ಫಾಸ್ಟ್ಯಾಗ್ ಮಾಡುವುದೂ ಅದೇ ಜಾತಿಯ ಕೆಲಸ. ಅದರಲ್ಲೂ ಬ್ಯಾಟರಿ ಇಲ್ಲ. 2021ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಮುಂದಿಟ್ಟ ‘ಮಿಲಿಮೆಟ್ರೊ’ ಟ್ಯಾಗ್ ಒಂದು ಹೆಜ್ಜೆ ಮುಂದೆ ಹೋಯಿತು. ಸೈಕಲ್ಲಿನ ಹಿಂಬದಿಯ ಕೆಂಪು ರಿಫ್ಲೆಕ್ಟರ್ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಹಾಗೆ ಅದು ರೇಡಾರ್ ಅಲೆಯನ್ನು ಮರಳಿಸುತ್ತದೆ. ಮರಳಿಸುವಾಗ ಗೊತ್ತಾದ ಲಯದಲ್ಲಿ ಮಿಟುಕಿಸುತ್ತದೆ. ಗೋಡೆ ಮಿಟುಕಿಸುವುದಿಲ್ಲವಲ್ಲ, ಹಾಗಾಗಿ ನೂರು ಮಾರ್ದನಿಗಳ ನಡುವೆ ಟ್ಯಾಗಿನದು ಯಾವುದೆಂದು ರೇಡಾರ್ ಹೆಕ್ಕಿಕೊಳ್ಳುತ್ತದೆ.

ಇಲ್ಲಿಂದ ಕಥೆ ಹೊರಳುತ್ತದೆ. ಮಾರ್ದನಿಯನ್ನು ಅಷ್ಟು ಚೆನ್ನಾಗಿ ಓದಬಲ್ಲವರಿಗೆ ಟ್ಯಾಗ್ ಏಕೆ ಬೇಕು? 2013ರಲ್ಲಿ ಎಂಐಟಿಯ ಫಾದೆಲ್ ಅದೀಬ್ ಮತ್ತು ದೀನಾ ಕಟಾಬಿ, ಗೋಡೆಯಾಚೆ ಓಡಾಡುವವರನ್ನು ಅವರ ಬಳಿ ಯಾವ ಸಾಧನವೂ ಇಲ್ಲದೆ ವೈಫೈ ಅಲೆಯಿಂದಲೇ ಗುರುತಿಸಿ ತೋರಿಸಿದರು. 2025ರಲ್ಲಿ ಹೀಗೆ ವೈಫೈ ಅಲೆಯಿಂದಲೇ ಸುತ್ತಲಿನ ಚಲನೆಯನ್ನು ಅರಿಯುವ ವೈಫೈ ಸೆನ್ಸಿಂಗ್‌ಗೆಂದೇ 802.11ಬಿಎಫ್ ಮಾನದಂಡ ಸಿದ್ಧವಾಯಿತು. ಬಿದ್ದ ವೃದ್ಧರನ್ನು ಗುರುತಿಸಲು, ಖಾಲಿ ಕೋಣೆಯ ದೀಪ ಆರಿಸಲು ಎಂದು ಉಪಯೋಗಗಳನ್ನು ಹೇಳುತ್ತಾರೆ. ಒಳ್ಳೆಯ ಉಪಯೋಗಗಳೇ. ಕಳೆದ ಕೀ ಹುಡುಕಲು ಹೊರಟ ವಿದ್ಯೆ ಮನೆಯವರನ್ನು ಎಣಿಸುವಲ್ಲಿಗೆ ಬಂದದ್ದನ್ನು ಮಾತ್ರ ಯಾರೂ ಬಿಡಿಸಿ ಹೇಳುತ್ತಿಲ್ಲ. ಕೀಗೊಂಚಲಿನ ಟ್ಯಾಗ್ ಬೇಡವೆನಿಸಿದರೆ ಡ್ರಾಯರಿಗೆ ಹಾಕಬಹುದು. ಮೈಯನ್ನು ಹಾಗೆ ತೆಗೆದಿಡಲಾಗದು.

ಸದ್ಯಕ್ಕೆ ನಮ್ಮ ಮನೆಗಳಲ್ಲಿ ಇದಕ್ಕೆ ಎದುರಾಳಿ ಸೀಲಿಂಗ್ ಫ್ಯಾನ್. ಅಲೆಗಳ ಏರಿಳಿತದಿಂದ ಚಲನೆಯನ್ನು ಊಹಿಸುವ ಯಂತ್ರಕ್ಕೆ, ಇಡೀ ರಾತ್ರಿ ನಡುಮನೆಯಲ್ಲಿ ಯಾರೋ ದಣಿವಿಲ್ಲದೆ ಸುತ್ತುತ್ತಿರುವಂತೆ ಅದು ಕಾಣಬಲ್ಲದು.